ತಪ್ಪಿನ ಮೇಲೆ ಒಂದೇ ಗೆರೆ



ಭಾನುವಾರದ ಕನ್ನಡ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರ ಕೂಟ ಸೇರುತ್ತದೆ. ವೆರ್ಣಾದ ಕಾರ್ಖಾನೆಗಳಲ್ಲಿ ದುಡಿಯುವವರು, ಕಲಂಗುಟ್‌ನ ಹೋಟೆಲಿನವರು, ವಾಸ್ಕೋದ ಅಂಗಡಿಯವರು ಎಲ್ಲರೂ ಇರುತ್ತಾರೆ. ಕಳೆದ ತಿಂಗಳು ತಮ್ಮನೊಬ್ಬ ಆರು ತಿಂಗಳ ಕೆಲಸ ಬಿಟ್ಟು ಬಂದಿದ್ದ. ಮೇಲ್ವಿಚಾರಕರು ಎಲ್ಲರ ಎದುರು "ತಲೆ ಇದೆಯಾ ನಿನಗೆ?" ಎಂದು ಹಿಂದಿಯಲ್ಲಿ ಬೈದರಂತೆ. "ಬೈದದ್ದು ಅರ್ಥವಾಯಿತು, ಮಾಡಿದ ತಪ್ಪೇನು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ" ಎಂದ.

ನಮಗೆಲ್ಲ ಸಿಟ್ಟು ಬಂತು. ಆದರೆ ಮನೆಗೆ ಹೋಗುವಾಗ ನಮ್ಮದೇ ಒಂದು ತಪ್ಪು ನೆನಪಾಯಿತು. ಕಳೆದ ಕ್ರಿಸ್ಮಸ್ಸಿನಲ್ಲಿ ತಂಗಿಯೊಬ್ಬಳು ವಾಚನವನ್ನು ಅವಸರವಾಗಿ ಓದಿದ್ದಳು. ಹಿಂದಿನ ಬೆಂಚಿನವರಿಗೆ ಏನೂ ಕೇಳಿಸಿರಲಿಲ್ಲ. ನಾವು "ತುಂಬಾ ಚೆನ್ನಾಗಿತ್ತು" ಎಂದೆವು. ಆಮೇಲೆ ಅವಳ ಹೆಸರನ್ನು ವಾಚಕರ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟೆವು. ಬೈದವರು ಅವನ ಮಾನ ಕಳೆದರು, ನಾವು ಇವಳ ಅವಕಾಶ ಕಳೆದೆವು. ಯಾವುದು ದೊಡ್ಡ ತಪ್ಪು?

ನಮ್ಮಲ್ಲೇ ಕೆಲವರು ಈಗ ಶಿಫ್ಟಿನ ಹೊಣೆ ಹೊತ್ತಿದ್ದೇವೆ, ನಮ್ಮ ಕೈಕೆಳಗೆ ಹದಿನೆಂಟು ಹತ್ತೊಂಬತ್ತರ ಮಕ್ಕಳಿದ್ದಾರೆ. ಆದ್ದರಿಂದ ಇದು ನಮ್ಮದೇ ಪ್ರಶ್ನೆ.

ಔಷಧ ಕಾರ್ಖಾನೆಯಲ್ಲಿ ಒಂದು ನಿಯಮವಿದೆ. ದಾಖಲೆಯಲ್ಲಿ ತಪ್ಪು ಬರೆದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ, ಗೀಚಿ ಕಪ್ಪು ಮಾಡುವಂತಿಲ್ಲ. ಮೊದಲಿನ ಬರಹ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ತಪ್ಪನ್ನು ಮುಚ್ಚಿಡಬಾರದು, ಪುಟವನ್ನು ಹರಿಯಲೂಬಾರದು. ನಾವು ತಂಗಿಯ ತಪ್ಪಿಗೆ ಬಿಳಿ ಬಣ್ಣ ಹಚ್ಚಿದೆವು. ಆ ಮೇಲ್ವಿಚಾರಕರು ಪುಟವನ್ನೇ ಹರಿದರು.

ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಇನ್ನೊಂದು ಪಾಠ ಕಲಿತಿದ್ದೆವು: ಕಂಡದ್ದು ಬೇರೆ, ಅದರಿಂದ ನಾವು ಊಹಿಸಿದ್ದು ಬೇರೆ. "ನೀನು ಬೇಜವಾಬ್ದಾರಿ" ಎಂಬುದು ನಮ್ಮ ಊಹೆ. "ಈ ವಾರ ಮೂರು ಹಾಳೆಗಳಲ್ಲಿ ಸಮಯ ಬರೆದಿಲ್ಲ" ಎಂಬುದು ಕಂಡದ್ದು. ಮೊದಲನೆಯದನ್ನು ಕೇಳಿದವನು ಕುಗ್ಗಿಹೋಗುತ್ತಾನೆ. ಎರಡನೆಯದನ್ನು ಕೇಳಿದವನು ನಾಳೆಯೇ ತಿದ್ದಿಕೊಳ್ಳಬಲ್ಲ.

ಹಾಗಾದರೆ ಹೊಗಳಿಕೆ? ಬೈಗುಳದ ಕಹಿಗುಳಿಗೆಯನ್ನು ಬೆಲ್ಲದಲ್ಲಿ ಸುತ್ತಿ ಕೊಡುವುದು ಸಮತೋಲನವಲ್ಲ. ಎರಡು ಸಲ ಹಾಗೆ ಮಾಡಿದರೆ ಮೂರನೇ ಸಲ ಹೊಗಳಿದ ಕೂಡಲೇ ಹುಡುಗರಿಗೆ ಎದೆ ಢವಢವ ಎನ್ನುತ್ತದೆ. ಒಳ್ಳೆಯದನ್ನು ಹೇಳಬೇಕಾದದ್ದು ಅದು ನಿಜ ಎಂಬ ಕಾರಣಕ್ಕೆ. ಸಮಯಕ್ಕೆ ಬರುವವನಿಗೆ ಹಾಗೆಂದು ಹೇಳದೆ ತಪ್ಪನ್ನಷ್ಟೇ ಹೇಳಿದರೆ, ಅದು ಅರ್ಧ ಸತ್ಯ.

"ಕೆಲಸದ ಗಡಿಬಿಡಿಯಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಮಾತು. ಔಷಧದಲ್ಲಿ ತಪ್ಪಾದರೆ ರೋಗಿಗೆ ಅಪಾಯ, ಆಗಲೇ ತಡೆಯಬೇಕು. ಆದರೆ ಯಂತ್ರ ನಿಲ್ಲಿಸುವುದಕ್ಕೆ ಮಾನ ಕಳೆಯಬೇಕಿಲ್ಲ. ತಡೆಯುವುದು ಆ ಕ್ಷಣದಲ್ಲಿ, ತಿಳಿಹೇಳುವುದು ಪಕ್ಕಕ್ಕೆ ಕರೆದು, ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ಕೊಂಕಣಿ, ಹಿಂದಿ, ಇಂಗ್ಲಿಷ್, ಕನ್ನಡ ಬೆರೆತ ಈ ಗೋವೆಯಲ್ಲಿ ಅರ್ಧಂಬರ್ಧ ಅರ್ಥವಾದ ಮಾತು ಹೆಚ್ಚು ಚುಚ್ಚುತ್ತದೆ. ಸಹೋದರನ ತಪ್ಪನ್ನು ಮೊದಲು ಅವನೊಬ್ಬನಿಗೇ ತಿಳಿಸಬೇಕೆಂದು ಪ್ರಭು ಕಲಿಸಿದ್ದೂ ಇದನ್ನೇ ಅಲ್ಲವೇ?

ಯುವಕ ಮಾರ್ಕನನ್ನು ನೆನೆಯೋಣ. ಪೆರ್ಗದಲ್ಲಿ ಪೌಲ, ಬಾರ್ನಬರನ್ನು ಬಿಟ್ಟು ಅವನು ಜೆರುಸಲೇಮಿಗೆ ಹಿಂದಿರುಗಿದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೆಂದ ಪೌಲ. ಕೆಲಸದ ಬಗ್ಗೆ ಪೌಲನಿಗಿದ್ದ ಕಾಳಜಿ ಸುಳ್ಳಲ್ಲ. ಆದರೆ ಬಾರ್ನಬ ಅವನನ್ನು ಸೈಪ್ರಸ್‌ಗೆ ಕರೆದೊಯ್ದು ಇನ್ನೊಂದು ಅವಕಾಶ ಕೊಟ್ಟ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಮಾರ್ಕ ಸೇವೆಗೆ ಉಪಯುಕ್ತನೆಂದು ಕರೆಸಿಕೊಳ್ಳಲಾಗಿದೆ. ಧರ್ಮಗ್ರಂಥ ಅವನ ತಪ್ಪನ್ನು ಅಳಿಸಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಮುಂದಿನದನ್ನೂ ಬರೆಯಿತು.

ನಾವು ಆ ತಂಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು, ನಿಜ ಹೇಳಿದೆವು. "ಆಗಲೇ ಹೇಳಬಾರದಿತ್ತಾ ಅಣ್ಣಾ?" ಎಂದಳು. ಬರುವ ಭಾನುವಾರ ಮೊದಲ ವಾಚನ ಅವಳದು. ಶನಿವಾರ ಸಂಜೆ ಅವಳು ಅಭ್ಯಾಸ ಮಾಡುವಾಗ ನಾವು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇವೆ.