ಸಮಾನ ಪರೀಕ್ಷೆಯೂ ಸಮಾನ ನ್ಯಾಯವೂ

ಎಲ್ಲರಿಗೂ ಒಂದೇ ನಿಯಮವೆಂಬುದು ನ್ಯಾಯದ ಮೊದಲ ಲಕ್ಷಣವೆಂದು ನಾವು ನಂಬಿದ್ದೇವೆ. ಒಬ್ಬನಿಗೊಂದು ಅಳತೆ, ಇನ್ನೊಬ್ಬನಿಗೊಂದು ಅಳತೆ ಎಂದೊಡನೆ ಪಕ್ಷಪಾತದ ಶಂಕೆ ಮೂಡುವುದು ಸಹಜ. ಆದರೆ ಆ ಒಂದೇ ನಿಯಮದಿಂದಲೇ ಅನ್ಯಾಯವು ಸಂಭವಿಸುವುದಾದರೆ ನಾವು ಹಿಡಿಯಬೇಕಾದುದು ಯಾವುದನ್ನು? ನಿಯಮವನ್ನೋ, ನ್ಯಾಯವನ್ನೋ? ವಾಚಕರಲ್ಲಿ ಅನೇಕರ ಮಕ್ಕಳು ದುಡಿಯುತ್ತಿರುವ ತಂತ್ರಾಂಶ ರಚನೆಯ ಉದ್ಯೋಗವನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸೋಣ.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಅಕ್ಷರ, ಅಂಕೆ, ಚಿಹ್ನೆಗಳಲ್ಲಿ ಹಂತಹಂತವಾಗಿ ಬರೆದಿಡುವುದೇ ತಂತ್ರಾಂಶ ರಚನೆ. ಅದು ಬಹುಮಟ್ಟಿಗೆ ಬರವಣಿಗೆ. ಬರವಣಿಗೆಯನ್ನು ಕಣ್ಣಿನಿಂದ ಓದಬಹುದು, ಬ್ರೈಲ್ ಲಿಪಿಯ ಮೂಲಕ ಬೆರಳಿನಿಂದ ಓದಬಹುದು, ಕಿವಿಯಿಂದಲೂ ಗ್ರಹಿಸಬಹುದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಧನಗಳು 1980ರ ದಶಕದಿಂದಲೇ ಬಳಕೆಗೆ ಬಂದವು. ಅವುಗಳಲ್ಲೊಂದಾದ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಅವರೂ, ಅವರ ಜೊತೆಗೂಡಿದ ಜೇಮ್ಸ್ ಟೆಹ್ ಅವರೂ ಅಂಧರೇ. ಅದು ಇಂದಿಗೂ ಉಚಿತವಾಗಿ ದೊರೆಯುತ್ತದೆ. ನಮ್ಮ ದೇಶದ ಟಿ. ವಿ. ರಾಮನ್ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡವರು. ಮುಂಬಯಿಯ ಐಐಟಿಯಲ್ಲಿ ವ್ಯಾಸಂಗ ಮಾಡಿ, 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಗಣಿತದ ಸಮೀಕರಣಗಳನ್ನೂ ಕಿವಿಗೆ ತಿಳಿಯುವಂತೆ ಧ್ವನಿಯಾಗಿಸುವ ವಿಧಾನವೇ ಅವರ ಪ್ರಬಂಧದ ವಿಷಯ. ಈ ಕಾಯಕಕ್ಕೆ ಕಣ್ಣು ಅನಿವಾರ್ಯವಲ್ಲವೆಂಬುದಕ್ಕೆ ಇವರಿಗಿಂತ ಬೇರೆ ಸಾಕ್ಷಿ ಬೇಕೆ?

ಹೀಗೆ ಕಾಯಕವು ತೆರೆದಿದ್ದರೂ ಅದರ ಹೆಬ್ಬಾಗಿಲು ಮುಚ್ಚಿರುವುದುಂಟು. ಉದ್ಯೋಗಾಕಾಂಕ್ಷಿಗೆ ಗಣಕದ ಮೇಲೆಯೇ ಪರೀಕ್ಷೆ ನಡೆಯುತ್ತದೆ. ಪ್ರಶ್ನೆಯು ಚಿತ್ರರೂಪದಲ್ಲಿದ್ದು ಅದಕ್ಕೆ ವಿವರಣೆಯನ್ನು ಬರೆದಿರದಿದ್ದರೆ, ಓದುವ ಸಾಧನವು ‘ಚಿತ್ರ’ ಎಂದಷ್ಟೇ ನುಡಿದು ಸುಮ್ಮನಾಗುತ್ತದೆ. ಉತ್ತರವನ್ನು ಮೌಸಿನಿಂದ ಎಳೆದು ಸ್ಥಳದಲ್ಲಿಡಬೇಕೆಂದರೆ, ಕೀಲಿಮಣೆಯಿಂದಲೇ ಕೆಲಸ ಮಾಡುವವರಿಗೆ ದಾರಿಯೇ ಇಲ್ಲ. ಕಣ್ಣು ಪುಟವನ್ನು ಒಂದೇ ನೋಟಕ್ಕೆ ಸವರಬಲ್ಲದು, ಕಿವಿಯಾದರೋ ಸಾಲಿನಿಂದ ಸಾಲಿಗೆ ಸಾಗಬೇಕು. ಆದರೂ ಗಡಿಯಾರವು ಇಬ್ಬರಿಗೂ ಒಂದೇ. ಕೊನೆಗೆ ಆ ತರುಣನು ಅನುತ್ತೀರ್ಣನೆಂಬ ತೀರ್ಪು ಹೊರಬೀಳುತ್ತದೆ. ಇಲ್ಲಿ ಪರೀಕ್ಷೆಗೊಳಗಾದುದು ಅವನ ಬುದ್ಧಿಯೇ, ಅಥವಾ ಪರೀಕ್ಷೆಯನ್ನು ರಚಿಸಿದವರ ಅಜಾಗರೂಕತೆಯೇ?

‘ಹೆಚ್ಚು ಸಮಯ ಕೊಟ್ಟರೆ ಯೋಗ್ಯತೆಯ ಮಟ್ಟ ಇಳಿಯುವುದಿಲ್ಲವೇ?’ ಎಂದು ನೀವು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಬಾಲಕರಿಗೆ ಸಂಗೀತ ವಿದ್ಯೆಯನ್ನು ಧಾರೆಯೆರೆದರು. ಕಲಿಸುವ ಕ್ರಮವು ಕಲಿಯುವವನಿಗೆ ತಕ್ಕಂತೆ ಮಾರ್ಪಟ್ಟಿತು; ಶ್ರುತಿ ತಾಳಗಳಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ದಾರಿಯನ್ನು ಬದಲಿಸುವುದು ಬೇರೆ, ಗುರಿಯನ್ನು ತಗ್ಗಿಸುವುದು ಬೇರೆ. ತಂತ್ರಾಂಶ ರಚನೆಗೂ ಇದೇ ಮಾತು ಸಲ್ಲುತ್ತದೆ. ಅಡ್ಡಿಗಳನ್ನು ನಿವಾರಿಸಿದ ಮೇಲೆಯೂ ಅಭ್ಯರ್ಥಿಗೆ ಕೆಲಸ ಬಾರದಿದ್ದರೆ ಅವನನ್ನು ನಿರಾಕರಿಸುವುದು ಅನ್ಯಾಯವಲ್ಲ. ಅಡ್ಡಿಯನ್ನು ಉಳಿಸಿಕೊಂಡೇ ನಿರಾಕರಿಸುವುದು ಅನ್ಯಾಯ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಈ ವಿವೇಕವನ್ನು ಶಾಸನವಾಗಿಸಿದೆ. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗಷ್ಟೇ ಮನ್ನಣೆಯಿತ್ತು; ಹೊಸದರಲ್ಲಿ 21 ಬಗೆಗಳಿವೆ. ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿ ಶೇಕಡಾ 3ರಿಂದ 4ಕ್ಕೆ ಏರಿತು. ಖಾಸಗಿ ಸಂಸ್ಥೆಗಳಿಗೆ ಆ ಮೀಸಲಾತಿಯ ಕಟ್ಟಳೆಯಿಲ್ಲವಾದರೂ, ಸಮಾನಾವಕಾಶದ ತಮ್ಮ ನೀತಿಯನ್ನು ಅವೂ ಪ್ರಕಟಿಸಬೇಕು. ಕಾಯಿದೆಯು ಇಷ್ಟನ್ನು ಮಾಡಿಸಬಲ್ಲದು. ನೀತಿಯ ಕಾಗದವನ್ನು ಗೋಡೆಗೆ ಅಂಟಿಸಿ, ಪರೀಕ್ಷೆಯನ್ನು ಮಾತ್ರ ಮೊದಲಿನಂತೆಯೇ ನಡೆಸುವ ಮನಸ್ಸನ್ನು ಅದು ತಿದ್ದಲಾರದು.

ಇದರ ಫಲವು ಒಬ್ಬನ ಉದ್ಯೋಗಕ್ಕೇ ನಿಲ್ಲುವುದಿಲ್ಲ. ಬ್ಯಾಂಕಿನ ಖಾತೆ, ರೈಲಿನ ಟಿಕೇಟು, ಸರ್ಕಾರದ ಸವಲತ್ತು ಎಲ್ಲವೂ ಇಂದು ತಂತ್ರಾಂಶದ ಮೂಲಕವೇ ಜನರನ್ನು ತಲುಪುತ್ತವೆ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಗುರುತನ್ನು ರುಜುವಾತುಪಡಿಸಬೇಕೆಂಬ ವ್ಯವಸ್ಥೆಯಿಂದ ಆ್ಯಸಿಡ್ ದಾಳಿಗೆ ತುತ್ತಾದವರೂ ಅಂಧರೂ ಹೊರಗುಳಿದರು. ಆ ಮೊಕದ್ದಮೆಯಲ್ಲಿ 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಇಂತಹ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸಾರಿತು. ಅದನ್ನು ರಚಿಸಿದವರ ನಡುವೆ ಅಂಧನೊಬ್ಬನು ಕುಳಿತಿದ್ದರೆ ಆ ದೋಷವನ್ನು ಮೊದಲ ದಿನವೇ ತೋರಿಸಿಕೊಡುತ್ತಿದ್ದನಲ್ಲವೇ?

ಮಠದ ಪ್ರಸಾದನಿಲಯಗಳಲ್ಲಿ ಓದಿ ಇಂದು ಉನ್ನತ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಇನ್ನೊಬ್ಬರನ್ನು ಆಯ್ಕೆಮಾಡುವ ಅಧಿಕಾರವು ಈಗ ನಿಮ್ಮಲ್ಲಿ ಅನೇಕರ ಕೈಯಲ್ಲಿದೆ. ಅಂಗವಿಕಲನನ್ನು ಕಂಡು ಮರುಗಿ ಕೆಲಸ ಕೊಡಿರೆಂದು ಯಾರೂ ನಿಮ್ಮನ್ನು ಬೇಡುತ್ತಿಲ್ಲ. ಅವನನ್ನು ಅಳೆಯುವ ಮುನ್ನ ನಿಮ್ಮ ಅಳತೆಗೋಲನ್ನು ಒಮ್ಮೆ ಅಳೆದು ನೋಡಿರಿ, ಕೇಳುವುದು ಇಷ್ಟೇ.