ಅಳೆದು ಕೊಟ್ಟ ಜಾಗ

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಮಕ್ಕಳಿಗೆ ಎಷ್ಟೋ ಸಲ ಕೊಟ್ಟಿದ್ದೇನೆ. ನನ್ನ ಮೇಜಿನ ಮೇಲಿನ ಕಂಪ್ಯೂಟರ್ ಮಾತ್ರ ಅದನ್ನು ದಿನವೂ ಸುಳ್ಳು ಮಾಡುತ್ತಿದೆ. ಅದರಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್‌ಗಳು ಒಟ್ಟಿಗೇ ನಡೆಯುತ್ತವೆ. ಹೊರಗೆ ಉಬುಂಟು; ಅದರೊಳಗಿನ ಒಂದು ಚೌಕಟ್ಟಿನಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ.

ಹಳೆಯದು ಯಾಕೆಂದರೆ, ಸಂಡೂರು ಸೀಮೆಯ ಹಿರಿಯ ಹೆಂಗಸರು ಹೇಳಿದ ಬೀಸುವ ಪದ, ಸೋಬಾನೆ ಪದಗಳನ್ನು ವರ್ಷಗಟ್ಟಲೆ ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದು ಅದರಲ್ಲಿ. ಹೇಳಿದವರಲ್ಲಿ ಹಲವರು ಈಗಿಲ್ಲ. ಯೂನಿಕೋಡ್ ಅಲ್ಲದ ಆ ಕಡತಗಳನ್ನು ಹೊಸ ಯಂತ್ರದಲ್ಲಿ ಹಾಗೇ ತೆರೆದರೆ, ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ವಿದ್ಯಾರ್ಥಿಯೊಬ್ಬ ಬಂದು ವರ್ಚುವಲ್ ಬಾಕ್ಸ್ ಎಂಬ ತಂತ್ರಾಂಶ ಹಾಕಿ, ಎಕ್ಸ್‌ಪಿಯನ್ನು ಅದರೊಳಗೆ ಕೂರಿಸಿ ಹೋದ.

ಹೊರಗಿನದಕ್ಕೆ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಅನ್ನುತ್ತಾರೆ. ಮನೆಯವರು, ಬಂದವರು ಎನ್ನೋಣ. ಯಂತ್ರದ 8 ಜಿಬಿ ಮೆಮೊರಿಯಲ್ಲಿ 1 ಜಿಬಿ ಬಂದವರಿಗೆ ಅಳೆದು ಕೊಟ್ಟಿದೆ. ಪ್ರಪಂಚವೇ ಅಷ್ಟು ಎಂಬಂತೆ ಎಕ್ಸ್‌ಪಿ ನಡೆದುಕೊಳ್ಳುತ್ತದೆ. ತನ್ನ ಹಾರ್ಡ್ ಡಿಸ್ಕ್ ಎಂದು ಅದು ಲೆಕ್ಕ ಹಿಡಿದಿರುವುದು ಉಬುಂಟುವಿನ ಪಾಲಿಗೆ ಬರೀ ಒಂದು ಕಡತ. ಬೇಕಾದರೆ ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು. ಒಳಗಿನದು ಕೆಟ್ಟು ನಿಂತರೆ ಹೊರಗಿನದಕ್ಕೆ ಸಾಮಾನ್ಯವಾಗಿ ಏನೂ ಆಗದು. ಹೊರಗಿನದನ್ನು ಆರಿಸಿದರೆ ಒಳಗಿನದೂ ಆರಿತು.

ವಿದ್ಯೆ ಹೊಸದಲ್ಲ. ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಹೀಗೆ ಪಾಲು ಮಾಡುವುದನ್ನು ಐಬಿಎಂ ಕಂಪನಿ 1960ರ ದಶಕದಲ್ಲೇ ಮಾಡಿತ್ತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ಇದಕ್ಕೆ ಲಕ್ಷಣ ಬರೆದರು. ಒಳಗಿನದು ಸ್ವಂತ ಯಂತ್ರದ ಮೇಲೆ ಹೇಗೆ ನಡೆಯುವುದೋ ಹಾಗೇ ನಡೆಯಬೇಕು, ತೀರ ನಿಧಾನವಾಗಬಾರದು. ಆದರೆ ಹತೋಟಿಯೆಲ್ಲ ಮೇಲಿನವರ ಕೈಯಲ್ಲೇ ಇರಬೇಕು.

ಆ ಕೊನೆಯ ಮಾತಿನಲ್ಲಿ ನನ್ನ ಮನಸ್ಸು ಸಿಕ್ಕಿಕೊಂಡಿತು. ನಡೆಯುವುದು ತನ್ನಂತೆ, ಹತೋಟಿ ಇನ್ನೊಬ್ಬರದು. ಇದನ್ನು ಸ್ವಾತಂತ್ರ್ಯ ಅನ್ನಬಹುದೇ?

ಅನ್ನಬಾರದು ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮೂರಿನ ಚರಿತ್ರೆ ನನ್ನ ಬಾಯಿ ಕಟ್ಟುತ್ತದೆ. ಸಂಡೂರು ಸುಮಾರು 160 ಚದರ ಮೈಲಿಯ ಸಂಸ್ಥಾನವಾಗಿತ್ತು. ಸುತ್ತ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಒಳಗೆ ಘೋರ್ಪಡೆಯವರ ರಾಜ್ಯ. ಗಾದಿ ರಾಜರದು, ಸಾರ್ವಭೌಮತ್ವ ಬ್ರಿಟಿಷರದು. ಬಳ್ಳಾರಿ ದಂಡಿನ ಸಿಪಾಯಿಗಳಿಗೆ ತಂಪು ಗಾಳಿ ಬೇಕಾದಾಗ ಸಂಸ್ಥಾನದ ರಾಮನದುರ್ಗದ ಬೆಟ್ಟವೇ ಅವರ ಆರೋಗ್ಯಧಾಮವಾಯಿತು. ಇಂಥ ಅಳೆದು ಕೊಟ್ಟ ಜಾಗದಲ್ಲೇ 1932ರಲ್ಲಿ ಯಶವಂತರಾವ್ ಘೋರ್ಪಡೆಯವರು ದೇವಸ್ಥಾನಗಳ ಬಾಗಿಲನ್ನು ಹರಿಜನರಿಗೆ ತೆರೆಸಿದರು. ತಿರುವಾಂಕೂರಿನ ಘೋಷಣೆ ಬಂದದ್ದು 1936ರಲ್ಲಿ. ಮದರಾಸಿನ ದೇವಾಲಯ ಪ್ರವೇಶದ ಕಾಯಿದೆ 1939ರಲ್ಲಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಮನೆಯವರು ಇನ್ನೂ ಯೋಚಿಸುತ್ತಿರುವಾಗ ಬಂದವರು ಮಾಡಿ ತೋರಿಸಿದ್ದರು! ಆ ದಿನ ಹೊಸಿಲು ದಾಟಿದವರಿಗೆ, ಅಪ್ಪಣೆ ಯಾರ ಸಾರ್ವಭೌಮತ್ವದ ಅಡಿಯದು ಎಂಬುದು ಮುಖ್ಯವಾಗಿತ್ತೇ? 1949ರಲ್ಲಿ ಸಂಸ್ಥಾನ ಮದರಾಸಿನಲ್ಲಿ ವಿಲೀನವಾಯಿತು. ತೆರೆದ ಬಾಗಿಲೇನೂ ಅದರೊಂದಿಗೆ ಹೋಗಲಿಲ್ಲ.

ಆದರೂ ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. “ನಮ್ಮ ಮನ್ಯಾಗ ನನಗೆ ಪೂರಾ ಸ್ವಾತಂತ್ರ್ಯ ಕೊಟ್ಟಾರೆ ಟೀಚರ್” ಎಂದು ಹೆಮ್ಮೆಯಿಂದ ಹೇಳುವ ಹೆಣ್ಣುಮಕ್ಕಳನ್ನು ಎಷ್ಟು ಜನರನ್ನು ಕಂಡಿಲ್ಲ! ಸುಳ್ಳು ಹೇಳುತ್ತಿರುವುದಿಲ್ಲ ಅವರು. ಅಡುಗೆ ಅವರ ಇಷ್ಟ, ಸೀರೆ ಅವರ ಇಷ್ಟ, ನೌಕರಿಯೂ ಉಂಟು. ಎಟಿಎಂ ಕಾರ್ಡು ಮಾತ್ರ ಯಜಮಾನರ ಜೇಬಿನಲ್ಲಿ. ‘ಕೊಟ್ಟಾರೆ’ ಎನ್ನುವ ಆ ಕ್ರಿಯಾಪದದಲ್ಲೇ ಎಲ್ಲ ಇದೆಯೆಂದು ವ್ಯಾಕರಣ ಕಲಿಸುವ ನನಗೆ ಅನ್ನಿಸುತ್ತದೆ. ಎಕ್ಸ್‌ಪಿಗೆ ಗೋಡೆ ಎಲ್ಲಿದೆಯೆಂದು ಕೇಳುವ ಬಾಯಿಲ್ಲ, ಇವರಿಗಿದೆ. ನನ್ನ ಹೋಲಿಕೆ ಇಲ್ಲಿಗೆ ಮುರಿಯುತ್ತದೆ, ಮುರಿಯಲಿ.

ಮನೆಯವರ ಜಾಗದಲ್ಲಿ ನಿಂತು ನೋಡಿದರೆ ಮಾತು ಇನ್ನೂ ತೊಡಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು 2014ರ ಏಪ್ರಿಲ್‌ನಲ್ಲಿ ರಕ್ಷಣೆ ನಿಲ್ಲಿಸಿದರು. ಹಾಗಾಗಿ ಅದರ ಇಂಟರ್‌ನೆಟ್ಟನ್ನು ನಾನೇ ಕಡಿದಿದ್ದೇನೆ. ಹೊರಗೆ ಬಿಟ್ಟರೆ ವೈರಸ್ ಹತ್ತೀತು ಎಂಬ ಭಯ. “ನಿನ್ನ ಒಳ್ಳೇದಕ್ಕೇ” ಎನ್ನುವ ಮಾತನ್ನು ಹುಡುಗಿಯಾಗಿದ್ದಾಗ ಸಾಕಷ್ಟು ಕೇಳಿಸಿಕೊಂಡವಳು ನಾನು. ಈಗ ಅದನ್ನೇ ಯಂತ್ರಕ್ಕೆ ಹೇಳುತ್ತಿದ್ದೇನೆ. ಯಂತ್ರಕ್ಕೆ ಹೇಳಿದರೆ ಪಾಪವಿಲ್ಲ. ಆದರೆ ಒಳಗಿರುವುದು ಯಂತ್ರವಷ್ಟೇ ಅಲ್ಲವಲ್ಲ, ಆ ಹೆಂಗಸರ ಪದಗಳು.

ಅದಕ್ಕೇ ದಿನಕ್ಕೆರಡು ಪದಗಳನ್ನು ಯೂನಿಕೋಡಿಗೆ ಬದಲಿಸಿ ಹೊರಗೆ ತರುತ್ತಿದ್ದೇನೆ. ಬದಲಿಸುವ ತಂತ್ರಾಂಶ ಅರ್ಕಾವೊತ್ತು ಬಂದಲ್ಲಿ ಒಮ್ಮೊಮ್ಮೆ ಎಡವುತ್ತದೆ, ಕೈಯಿಂದಲೇ ತಿದ್ದಬೇಕು. ನಿನ್ನೆ ತಿದ್ದಿದ್ದು ಒಂದು ಬೀಸುವ ಪದ. ಹೇಳಿದಾಕೆಯ ಮೊಮ್ಮಗಳ ಫೋನಿಗೆ ಕಳಿಸಿದೆ.