ಪದಾರ್ಥ, ವಾಕ್ಯಾರ್ಥ ಮತ್ತು ಜಿಆರ್‌ಇ
ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಯ ಇಂಗ್ಲಿಷ್ ವಿಭಾಗಕ್ಕೆ ಸಿದ್ಧರಾಗುವವರು ಉದ್ದನೆಯ ಪದಪಟ್ಟಿಗಳನ್ನು ಕಂಠಪಾಠ ಮಾಡುವ ರೂಢಿಯ ಹಿಂದೆ, ಅರ್ಥವು ಬಿಡಿ ಪದದಲ್ಲಿಯೇ ನೆಲೆಸಿದೆಯೆಂಬ ತಾತ್ವಿಕ ನಂಬಿಕೆ ಅಡಗಿದೆ. ಅರ್ಥದ ನೆಲೆಯ ಈ ಪ್ರಶ್ನೆಯನ್ನು ಚರ್ಚಿಸಿದ ಪೂರ್ವಮೀಮಾಂಸಾ ದರ್ಶನದಲ್ಲಿ ಕುಮಾರಿಲಭಟ್ಟನ ಪಂಥದವರು, ಪದಗಳು ಮೊದಲು ತಮ್ಮ ಅರ್ಥವನ್ನು ಹೇಳಿ ಅನಂತರ ಆ ಅರ್ಥಗಳು ಕೂಡಿಕೊಳ್ಳುತ್ತವೆಂಬ ಅಭಿಹಿತಾನ್ವಯವಾದವನ್ನು ಮಂಡಿಸಿದರೆ, ಪ್ರಭಾಕರನ ಪಂಥದವರು, ಪದವು ಇತರ ಪದಗಳೊಡನೆ ಅನ್ವಯಗೊಂಡ ಅರ್ಥವನ್ನೇ ತಿಳಿಸುತ್ತದೆಂಬ ಅನ್ವಿತಾಭಿಧಾನವಾದವನ್ನು ಎತ್ತಿಹಿಡಿದರು. 2011ರಲ್ಲಿ ವಿರುದ್ಧಪದ, ಪದಸಾದೃಶ್ಯಗಳ ಪ್ರಶ್ನೆಗಳನ್ನು ಕೈಬಿಟ್ಟು ಸಂದರ್ಭಾನುಸಾರ ವಾಕ್ಯ ಪೂರ್ಣಗೊಳಿಸುವುದಕ್ಕೆ ಒತ್ತು ಕೊಟ್ಟ ಪರೀಕ್ಷೆಯು ಪ್ರಭಾಕರನತ್ತ ವಾಲಿತೆನ್ನಬೇಕು. ಹಿರಿಯರ ಮಾತನ್ನೂ ಅದನ್ನನುಸರಿಸಿದ ಕ್ರಿಯೆಯನ್ನೂ ಒಟ್ಟಿಗೆ ಕಂಡೇ ಮಗು ಭಾಷೆ ಕಲಿಯುತ್ತದೆಂದು ಆ ಪಂಥವು ವಾದಿಸಿದ್ದರಿಂದ, ಪಟ್ಟಿಗಿಂತ ಪ್ರಬಂಧಗಳ ಓದೇ ಮೇಲೆಂಬ ತೀರ್ಮಾನ ಸಹಜವಾದದ್ದು. ಆದರೂ ಹಿಂದೆಂದೂ ಕೇಳದ ವಾಕ್ಯದಲ್ಲಿ ಪರಿಚಿತ ಪದದ ಅರ್ಥ ಗುರುತು ಸಿಗುವುದು ಹೇಗೆಂಬ ಕುಮಾರಿಲಪಕ್ಷದ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ.